ಎರಡು ಸಾಲುಗಳು ಒಂದಾದಾಗ

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ವಿಮಾನವೊಂದು ತೇಲುತ್ತಿದ್ದ ದೃಶ್ಯವನ್ನು ನಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ಕಂಡಿದ್ದೇವೆ. ಆಕಾಶಕ್ಕೇರಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳು ಕೈಕೊಟ್ಟಿದ್ದವು. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಮತ್ತು ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ವಿಮಾನವನ್ನು ನದಿಯಲ್ಲಿಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿ ಬಂದರು. ಜಗತ್ತು ಕ್ಯಾಪ್ಟನ್‌ರನ್ನು ವೀರನೆಂದು ಕೊಂಡಾಡಿತು. ಹಾಲಿವುಡ್ 2016ರಲ್ಲಿ ಅವರ ಮೇಲೊಂದು ಸಿನಿಮಾವನ್ನೂ ಮಾಡಿತು.

ಆದರೆ ಆ ಘಟನೆ ನಡೆದು ತಿಂಗಳು ಕಳೆಯುತ್ತಲೇ ಅದೇ ವೀರ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಕುಳಿತು ಹೇಳಿದ ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ತನ್ನ ಸಂಬಳದಲ್ಲಿ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿಯನ್ನು ಕಿತ್ತುಕೊಳ್ಳಲಾಗಿದೆ, ತನ್ನ ಮಕ್ಕಳು ಇದೇ ವೃತ್ತಿಗೆ ಬರಲಿ ಎಂದು ಬಯಸುವ ಒಬ್ಬನೇ ಒಬ್ಬ ಪೈಲಟ್‌ನನ್ನೂ ತಾನು ಕಂಡಿಲ್ಲ ಎಂದರು ಅವರು. ಪಕ್ಕದಲ್ಲಿದ್ದ ಸ್ಕೈಲ್ಸ್, ಮಧ್ಯಮ ವರ್ಗದ ಬದುಕನ್ನು ಉಳಿಸಿಕೊಳ್ಳಲು ತಾನು ವಾರದ ಏಳೂ ದಿನ ಎರಡೆರಡು ಕೆಲಸಗಳಲ್ಲಿ ದುಡಿಯುತ್ತಿರುವುದಾಗಿ ಹೇಳಿದರು. ಹೂಮಾಲೆ ಹಾಕಿದ ಕೈಗಳಿಗೆ ಈ ಮಾತುಗಳು ರುಚಿಸಲಿಲ್ಲವೇನೋ!

ಅವರಿಬ್ಬರೂ ದುಡಿಯುತ್ತಿದ್ದ ಕಂಪೆನಿಯ ಹೆಸರು ಯುಎಸ್ ಏರ್‌ವೇಸ್. ಅದೇ ದಿನಗಳಲ್ಲಿ ಆ ಕಂಪೆನಿಯ ಪೈಲಟ್‌ಗಳು ಎರಡು ಪಾಳೆಯಗಳಾಗಿ ಒಡೆದು ಪರಸ್ಪರರ ವಿರುದ್ಧ ಕೋರ್ಟಿನ ಮೆಟ್ಟಿಲೇರಿದ್ದರು. ಕಾರಣ, ನಾಲ್ಕು ವರ್ಷಗಳ ಹಿಂದೆ ನಡೆದ ಒಂದು ವಿಲೀನ. ಆ ಜಗಳವನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ. ಯಾಕೆಂದರೆ, ಅದು ಅಮೆರಿಕದ ಜಗಳ ಮಾತ್ರವಲ್ಲ. ನಮ್ಮ ಏರ್ ಇಂಡಿಯಾದಲ್ಲಿ ನಡೆದದ್ದೂ ಅದೇ ಕತೆಯ ಇನ್ನೊಂದು ಅಧ್ಯಾಯ.

ಒಂದು ಪ್ರಶ್ನೆ ಏಳಬಹುದು. ತಿಂಗಳಿಗೆ ಲಕ್ಷಗಟ್ಟಲೆ ರೂಪಾಯಿ ಎಣಿಸುವ ಪೈಲಟ್‌ಗಳ ಅಳಲನ್ನು ಬೀಡಿ ಕಟ್ಟಿ ದಿನದೂಡುವ ಮನೆಯವರು ಯಾಕೆ ಕೇಳಬೇಕು? ನ್ಯಾಯವಾದ ಪ್ರಶ್ನೆಯೇ. ನಮ್ಮ ಪೈಲಟ್‌ಗಳು ಸ್ಕೈಲ್ಸ್‌ರಂತೆ ಎರಡು ಕೆಲಸ ಮಾಡುವವರಲ್ಲ. ಆದರೆ ಇಲ್ಲಿರುವ ವಿಷಯ ಸಂಬಳದ ಮೊತ್ತದ್ದಲ್ಲ. ಎರಡು ಸಂಸ್ಥೆಗಳು ಒಂದಾಗುವಾಗ ಅದರೊಳಗಿನ ಮನುಷ್ಯರ ಸ್ಥಾನವನ್ನು ನಿರ್ಧರಿಸುವವರು ಯಾರು, ಮತ್ತು ಯಾವ ಅಳತೆಗೋಲಿನಿಂದ? ಕರಾವಳಿಯ ಓದುಗರಿಗೆ ಇದು ಹೊಸ ಪ್ರಶ್ನೆಯೇನಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಕರಗಿ ಹೋದುದನ್ನು ಕಂಡವರು ನಾವು. ನಾಮಫಲಕ ಬದಲಾದುದಷ್ಟೇ ನಮಗೆ ಕಾಣಿಸಿತು. ಒಳಗಿದ್ದವರ ಎದೆಯಲ್ಲಿದ್ದ ಪ್ರಶ್ನೆ ಬೇರೆಯೇ ಇತ್ತು: ಇನ್ನು ನನ್ನ ಸ್ಥಾನ ಎಲ್ಲಿ?

ಪೈಲಟ್‌ಗಳ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ಮೊನಚಾದದ್ದು. ಅಮೆರಿಕದ ದೊಡ್ಡ ಕಂಪೆನಿಗಳಲ್ಲಿ ಪೈಲಟ್‌ನ ಬದುಕಿನ ಬಹುಪಾಲು ಒಂದು ಸಂಖ್ಯೆಯಲ್ಲಡಗಿದೆ. ಅದುವೇ ಜ್ಯೇಷ್ಠತಾ ಪಟ್ಟಿಯಲ್ಲಿ ಅವನ ಕ್ರಮಾಂಕ. ಅವನು ಸಣ್ಣ ವಿಮಾನ ಹಾರಿಸುತ್ತಾನೋ ದೊಡ್ಡ ವಿಮಾನವೋ, ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂರುತ್ತಾನೋ ಬಲಗಡೆಯ ಸಹ ಪೈಲಟ್ ಸೀಟಿನಲ್ಲೋ, ಯಾವ ಊರಿನಿಂದ ಹಾರುತ್ತಾನೆ, ಹಬ್ಬದ ದಿನ ಮನೆಯಲ್ಲಿರುತ್ತಾನೋ ಇಲ್ಲವೋ, ಕಂಪೆನಿ ನಷ್ಟಕ್ಕೀಡಾದಾಗ ಮನೆಗೆ ಹೋಗುವವರಲ್ಲಿ ಮೊದಲಿಗನೋ ಕೊನೆಯವನೋ - ಎಲ್ಲವನ್ನೂ ನಿರ್ಧರಿಸುವುದು ಆ ಕ್ರಮಾಂಕ. ಬೇಸತ್ತು ಬೇರೆ ಕಂಪೆನಿಗೆ ಹೋಗುತ್ತೇನೆಂದರೆ ಅಲ್ಲಿ ಪಟ್ಟಿಯ ತಳದಿಂದಲೇ ಆರಂಭಿಸಬೇಕು. ಇಪ್ಪತ್ತು ವರ್ಷಗಳ ಅನುಭವವನ್ನು ಗಂಟುಕಟ್ಟಿ ಹೊತ್ತೊಯ್ಯಲು ಬರುವುದಿಲ್ಲ. ಆದ್ದರಿಂದ ಆ ಪಟ್ಟಿಗೆ ಕೈಯಿಟ್ಟವರು ಅವನ ಜೀವನಕ್ಕೇ ಕೈಯಿಟ್ಟಂತೆ.

ನ್ಯಾಯಬೆಲೆ ಅಂಗಡಿಯ ಮುಂದೆ ಎರಡು ಸಾಲುಗಳಿವೆ ಎಂದುಕೊಳ್ಳಿ. ಒಂದು ಸಾಲಿನವರು ಬೆಳಗಿನ ಜಾವದಿಂದ ನಿಂತವರು. ಆದರೆ ಆ ಕಡೆಯ ಅಕ್ಕಿಯ ಮೂಟೆ ಖಾಲಿಯಾಗುತ್ತಾ ಬಂದಿದೆ. ಹಿಂದಿದ್ದವರಲ್ಲಿ ಕೆಲವರನ್ನು ಅದಾಗಲೇ ಮನೆಗೆ ಕಳುಹಿಸಿಯೂ ಆಗಿದೆ. ಇನ್ನೊಂದು ಸಾಲಿನವರು ಹತ್ತು ಗಂಟೆಗೆ ಬಂದವರು. ಅಲ್ಲಿ ಅಕ್ಕಿ ಇದೆ, ಸಾಲು ಮುಂದೆ ಸರಿಯುತ್ತಲೂ ಇದೆ. ಇದ್ದಕ್ಕಿದ್ದಂತೆ ಅಂಗಡಿಯವನು ಹೊರಗೆ ಬಂದು, ಇನ್ನು ಒಂದೇ ಸಾಲು ಎನ್ನುತ್ತಾನೆ. ಯಾರು ಮುಂದೆ ನಿಲ್ಲಬೇಕು? ಬೆಳಗಿನ ಜಾವ ಬಂದವರು, ನಾವು ಮೊದಲು ಬಂದೆವು ಎನ್ನುತ್ತಾರೆ. ಹತ್ತು ಗಂಟೆಗೆ ಬಂದವರು, ನಿಮ್ಮ ಮೂಟೆ ಖಾಲಿಯಾದದ್ದಕ್ಕೆ ನಾವೇಕೆ ಹಿಂದೆ ಹೋಗಬೇಕು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಇಬ್ಬರೂ ಅಂಗಡಿಯವನನ್ನು ಬಿಟ್ಟು ಪರಸ್ಪರರ ಮುಖ ನೋಡಿ ಜಗಳಾಡುತ್ತಾರೆ. ವಿಲೀನದ ಮೊದಲ ಫಲ ಇದು.

2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದಾಗ ಸರಿಯಾಗಿ ಹೀಗೆಯೇ ಆಯಿತು. ಪೂರ್ವದ ಯುಎಸ್ ಏರ್‌ವೇಸ್ ಹಳೆಯ ಕಂಪೆನಿ. ಆಗ ಅದು ಎರಡನೇ ಬಾರಿ ದಿವಾಳಿ ನ್ಯಾಯಾಲಯದಲ್ಲಿತ್ತು. ಅದರ ಸುಮಾರು 5,100 ಪೈಲಟ್‌ಗಳಲ್ಲಿ 1,700ರಷ್ಟು ಮಂದಿ ಸಂಬಳವಿಲ್ಲದೆ ಮನೆಯಲ್ಲಿದ್ದರು. ಪಶ್ಚಿಮದ ಅಮೆರಿಕ ವೆಸ್ಟ್ ಹುಟ್ಟಿದ್ದೇ 1980ರ ದಶಕದಲ್ಲಿ. ಅದರ ಸುಮಾರು 1,900 ಪೈಲಟ್‌ಗಳೆಲ್ಲರೂ ಕೆಲಸದಲ್ಲಿದ್ದರು. ಎರಡೂ ಕಡೆಯವರು ಒಂದೇ ಸಂಘಟನೆಯ ಸದಸ್ಯರು. ಪಟ್ಟಿಗಳನ್ನು ಹೇಗೆ ಬೆಸೆಯಬೇಕೆಂಬುದಕ್ಕೆ ಆ ಸಂಘಟನೆಯಲ್ಲೇ ನಿಯಮವಿತ್ತು. ಅದರಂತೆ ಮಾತುಕತೆ ನಡೆಯಿತು. ಮಾತು ಮುರಿದಾಗ ಜಾರ್ಜ್ ನಿಕೊಲೌ ಎಂಬ ಅನುಭವಿ ಮಧ್ಯಸ್ಥಗಾರರ ಮುಂದೆ ಪ್ರಕರಣವನ್ನಿಟ್ಟರು. ಅವರ ತೀರ್ಪೇ ಅಂತಿಮ, ಇಬ್ಬರೂ ಅದಕ್ಕೆ ಬದ್ಧರು. ಇದು ಮೊದಲೇ ಒಪ್ಪಿಕೊಂಡ ಮಾತು.

2007ರ ಮೇ ತಿಂಗಳಲ್ಲಿ ತೀರ್ಪು ಬಂತು. ಪೂರ್ವದವರು ಕೇಳಿದ್ದು ನೇಮಕಾತಿ ದಿನಾಂಕದ ಪ್ರಕಾರ ಪಟ್ಟಿ. ನಿಕೊಲೌ ಅದನ್ನು ಒಪ್ಪಲಿಲ್ಲ. ದೊಡ್ಡ ವಿಮಾನಗಳನ್ನು ಹಾರಿಸುತ್ತಿದ್ದ ಪೂರ್ವದ ಸುಮಾರು 500 ಹಿರಿಯರನ್ನು ಮೇಲಿಟ್ಟರು. ಮನೆಯಲ್ಲಿದ್ದ 1,700ರಷ್ಟು ಮಂದಿಯನ್ನು ತಳದಲ್ಲಿಟ್ಟರು. ನಡುವಿನವರನ್ನು ಅವರವರ ಹಳೆಯ ಪಟ್ಟಿಯಲ್ಲಿದ್ದ ಸ್ಥಾನಕ್ಕನುಗುಣವಾಗಿ ಹೆಣೆದರು. ಪರಿಣಾಮವಾಗಿ, ಹದಿನಾರು ಹದಿನೇಳು ವರ್ಷ ದುಡಿದ ಪೂರ್ವದ ಪೈಲಟ್‌ಗಳು ನಿನ್ನೆ ಮೊನ್ನೆ ಸೇರಿದ ಪಶ್ಚಿಮದವರ ಅಕ್ಕಪಕ್ಕ ಬಂದು ನಿಂತರು. ಅವರಿಗಾದ ನೋವು ಸುಳ್ಳಲ್ಲ. ಹದಿನೇಳು ವರ್ಷ ಕಡಿಮೆಯೇನಲ್ಲ.

ಆದರೆ ಆ ನೋವಿಗೆ ಅವರು ಕಂಡುಕೊಂಡ ಮದ್ದು ಯಾವುದು? ಮತಪೆಟ್ಟಿಗೆ! ಅಮೆರಿಕದ ಕಾನೂನಿನಲ್ಲಿ ತಮ್ಮನ್ನು ಯಾವ ಯೂನಿಯನ್ ಪ್ರತಿನಿಧಿಸಬೇಕೆಂಬುದನ್ನು ವಿಮಾನ ಕಂಪೆನಿಯ ನೌಕರರೇ ಮತ ಹಾಕಿ ನಿರ್ಧರಿಸಬಹುದು. ಸರಕಾರದ ಮಂಡಳಿಯೊಂದು ಈ ಮತದಾನ ನಡೆಸಿಕೊಡುತ್ತದೆ. ಒಳ್ಳೆಯ ವ್ಯವಸ್ಥೆಯೇ. ಪೂರ್ವದವರು ಹೊಸ ಯೂನಿಯನ್ನೊಂದನ್ನು ಕಟ್ಟಿದರು. ನೇಮಕಾತಿ ದಿನಾಂಕವೇ ಜ್ಯೇಷ್ಠತೆಗೆ ಆಧಾರ ಎಂದು ಅದರ ಸಂವಿಧಾನದಲ್ಲೇ ಬರೆದುಕೊಂಡರು. 2008ರ ಏಪ್ರಿಲ್‌ನಲ್ಲಿ ಮತದಾನ ನಡೆದು ಹೊಸ ಯೂನಿಯನ್ ಗೆದ್ದಿತು. ದಶಕಗಳ ಹಳೆಯ ಸಂಘಟನೆ ಹೊರಬಿತ್ತು. ಗೆಲ್ಲದಿರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಪೂರ್ವದವರು ಸಂಖ್ಯೆಯಲ್ಲಿ ಹೆಚ್ಚು. ಪಶ್ಚಿಮದ ಪೈಲಟ್‌ಗಳು ಎದ್ದು ನೋಡಿದಾಗ ತಮ್ಮ ವಿರುದ್ಧವೇ ಹುಟ್ಟಿದ ಯೂನಿಯನ್ ತಮ್ಮನ್ನು ಪ್ರತಿನಿಧಿಸತೊಡಗಿತ್ತು. ವಂತಿಗೆಯೂ ಅದಕ್ಕೇ ಸಲ್ಲಬೇಕು.

ಮತದಾನದಲ್ಲಿ ಮೋಸವಾಗಲಿಲ್ಲ. ಎಣಿಕೆ ಸರಿಯಾಗಿಯೇ ಇತ್ತು. ತಕರಾರು ಅಲ್ಲಿಲ್ಲ. ಇಬ್ಬರೂ ಒಪ್ಪಿ ಮೂರನೆಯವನ ಕೈಗೆ ಕೊಟ್ಟ ನ್ಯಾಯವನ್ನು, ತೀರ್ಪು ತಮಗೆ ಕಹಿಯಾಯಿತೆಂಬ ಕಾರಣಕ್ಕೆ, ತಲೆ ಎಣಿಸಿ ಬದಲಿಸಬಹುದೇ? ಬದಲಿಸಬಹುದಾದರೆ ಯಾವ ಸಂಸ್ಥೆಯಲ್ಲಿಯೇ ಆಗಲಿ, ಯಾವ ದೇಶದಲ್ಲಿಯೇ ಆಗಲಿ, ಸಂಖ್ಯೆಯಲ್ಲಿ ಕಡಿಮೆ ಇರುವವನಿಗೆ ಒಪ್ಪಂದ ಎಂಬ ಪದಕ್ಕೆ ಏನು ಅರ್ಥ ಉಳಿಯಿತು? ಪಶ್ಚಿಮದವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಫೀನಿಕ್ಸ್‌ನ ಜ್ಯೂರಿ ಅವರ ಪರ ನಿಂತಿತು. 2010ರಲ್ಲಿ ಮೇಲಿನ ನ್ಯಾಯಾಲಯ, ಹೊಸ ಒಪ್ಪಂದವೇ ಇನ್ನೂ ಆಗಿಲ್ಲ, ಹಾನಿಯಾದ ಮೇಲೆ ಬನ್ನಿ ಎಂದು ಅದನ್ನು ತಳ್ಳಿಹಾಕಿತು. ಹೊಸ ಯೂನಿಯನ್ ತನ್ನ ಎಲ್ಲ ಸದಸ್ಯರನ್ನು ನ್ಯಾಯವಾಗಿ ಪ್ರತಿನಿಧಿಸುವ ಕರ್ತವ್ಯಕ್ಕೆ ಚ್ಯುತಿ ತಂದಿದೆ ಎಂದು ಅದೇ ಮೇಲ್ಮನವಿ ನ್ಯಾಯಾಲಯ ಹೇಳುವಾಗ 2015 ಬಂದಿತ್ತು.

ಈ ನಡುವೆ ಗೆದ್ದವರಿಗೆ ಸಿಕ್ಕಿದ್ದೇನು? ಎರಡೂ ಕಡೆಗೆ ಸಮಾನ ವೇತನದ ಒಂದೇ ಒಪ್ಪಂದವಾದರೆ ನಿಕೊಲೌ ಪಟ್ಟಿ ಜಾರಿಗೆ ಬರುತ್ತದೆ ಎಂಬ ಭಯದಿಂದ ಪೂರ್ವದವರು ಆ ಒಪ್ಪಂದವನ್ನೇ ಆಗಗೊಡಲಿಲ್ಲ. ದಿವಾಳಿಯ ದಿನಗಳಲ್ಲಿ ಕಣ್ಣೀರಿಡುತ್ತಾ ಸಹಿ ಹಾಕಿದ್ದ ಕಡಿಮೆ ಸಂಬಳದಲ್ಲೇ ವರ್ಷಗಟ್ಟಲೆ ಹಾರಿದರು. ಒಂದೇ ಬಣ್ಣದ ವಿಮಾನ, ಒಂದೇ ಸಮವಸ್ತ್ರ, ಒಂದೇ ಯೂನಿಯನ್, ಎರಡು ಸಂಬಳ. ಪೂರ್ವದವನು ಪಶ್ಚಿಮದವನ ವಿಮಾನ ಹಾರಿಸುವಂತಿಲ್ಲ, ಇವನು ಅವನ ವಿಮಾನ ಮುಟ್ಟುವಂತಿಲ್ಲ. ಆಡಳಿತ ವರ್ಗ ಕೈಕಟ್ಟಿ ಕುಳಿತಿತು. ಅದಕ್ಕೇನು ನಷ್ಟ? ಪೈಲಟ್‌ಗಳಿಗೆ ಹೆಚ್ಚು ಸಂಬಳ ಕೊಡದಿರಲು ಪೈಲಟ್‌ಗಳೇ ಕಾರಣ ಒದಗಿಸಿದ್ದರು.

ಹತಾಶೆ ಇನ್ನೊಂದು ದಾರಿಯನ್ನೂ ಹಿಡಿಯಿತು. 2011ರಲ್ಲಿ ಈ ಯೂನಿಯನ್ ಸುರಕ್ಷತೆಯ ಹೆಸರಿನಲ್ಲಿ ವಿಮಾನಗಳನ್ನು ಬೇಕೆಂದೇ ತಡ ಮಾಡಿಸುತ್ತಿದೆ ಎಂದು ಕಂಪೆನಿ ದೂರಿತು. ನ್ಯಾಯಾಲಯ ಅದನ್ನು ಒಪ್ಪಿ ತಡೆಯಾಜ್ಞೆ ನೀಡಿತು. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಅತ್ಯಂತ ದುಃಖದ ಭಾಗ ಇದು. ಈ ವಿಮಾನ ಇವತ್ತು ಹಾರಲು ಯೋಗ್ಯವಲ್ಲ ಎಂದು ಪೈಲಟ್ ಹೇಳಿದರೆ ನಾವು ಪ್ರಶ್ನಿಸದೆ ನಂಬುತ್ತೇವೆ. ನಂಬಲೇಬೇಕು. ಆ ಮಾತನ್ನು ಚೌಕಾಸಿಗೆ ಬಳಸಿದ ದಿನ, ನಿಜಕ್ಕೂ ದಣಿದು ಬಂದ ಪೈಲಟ್‌ನ ಮಾತನ್ನೂ ಯಾರೂ ನಂಬದ ಸ್ಥಿತಿ ಬರುತ್ತದೆ.

2013ರ ಡಿಸೆಂಬರ್‌ನಲ್ಲಿ ಯುಎಸ್ ಏರ್‌ವೇಸ್ ಅದಕ್ಕಿಂತಲೂ ದೊಡ್ಡದಾದ ಅಮೆರಿಕನ್ ಏರ್‌ಲೈನ್ಸ್‌ನೊಂದಿಗೆ ಸೇರಿತು. ಸಂಖ್ಯಾಬಲದಿಂದ ಪಶ್ಚಿಮದವರನ್ನು ಮಣಿಸಿದ್ದ ಪೂರ್ವದವರು ರಾತ್ರಿ ಬೆಳಗಾಗುವುದರೊಳಗೆ ತಾವೇ ಅಲ್ಪಸಂಖ್ಯಾತರಾದರು! ಅವರು ಕಟ್ಟಿದ ಯೂನಿಯನ್ 2014ರಲ್ಲಿ ಪ್ರಾತಿನಿಧ್ಯ ಕಳಕೊಂಡಿತು. ಅಮೆರಿಕನ್‌ನ ಪೈಲಟ್‌ಗಳ ಯೂನಿಯನ್ ಎಲ್ಲರ ಯೂನಿಯನ್ ಆಯಿತು. ಆಗ ಅವರ ನೆರವಿಗೆ ಬಂದದ್ದು ತಲೆ ಎಣಿಕೆಯಲ್ಲ, ಒಂದು ಕಾನೂನು.

ಆ ಕಾನೂನಿನ ಹಿಂದೆಯೂ ಒಂದು ವಿಲೀನವಿದೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಎಂಬ ಹಳೆಯ ಕಂಪೆನಿಯನ್ನು ಕೊಂಡಾಗ ಅಲ್ಲಿನ ಸಾವಿರಾರು ಗಗನಸಖಿಯರನ್ನು ಒಂದು ಪಟ್ಟಿಯ ತಳಕ್ಕೆ ಇನ್ನೊಂದು ಪಟ್ಟಿಯನ್ನು ಪಿನ್ನು ಹೊಡೆದಂತೆ ಸೇರಿಸಲಾಯಿತು. ವೃತ್ತಿಯಲ್ಲಿ ಅದಕ್ಕೆ ಹೆಸರೇ ಸ್ಟೇಪಲ್ ಮಾಡುವುದು ಎಂದು. ಇಪ್ಪತ್ತು ಮೂವತ್ತು ವರ್ಷ ದುಡಿದವರು ನಿನ್ನೆ ಸೇರಿದ ಹುಡುಗಿಯ ಹಿಂದೆ ನಿಂತರು. ಸೆಪ್ಟಂಬರ್ 11ರ ದಾಳಿಯ ನಂತರ ವಿಮಾನೋದ್ಯಮ ಕುಸಿದಾಗ ಮೊದಲು ಮನೆಗೆ ಹೋದವರು ಅವರು. ಈ ಅನ್ಯಾಯವನ್ನು ಕಂಡು ಮಿಸೌರಿ ರಾಜ್ಯದ ಇಬ್ಬರು ಸೆನೆಟರ್‌ಗಳು, ಒಬ್ಬರು ಡೆಮಾಕ್ರಟ್ ಇನ್ನೊಬ್ಬರು ರಿಪಬ್ಲಿಕನ್, ಒಟ್ಟಾಗಿ 2007ರಲ್ಲಿ ಕಾನೂನು ತಂದರು. ವಿಮಾನ ಕಂಪೆನಿಗಳು ವಿಲೀನವಾದಾಗ ಜ್ಯೇಷ್ಠತಾ ಪಟ್ಟಿಗಳನ್ನು ನ್ಯಾಯವಾಗಿಯೂ ಸಮಾನತೆಯಿಂದಲೂ ಬೆಸೆಯಬೇಕು, ಒಪ್ಪಂದವಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂಬುದು ಅದರ ಸಾರ. ಅದರನ್ವಯ 2016ರಲ್ಲಿ ಮೂವರು ಮಧ್ಯಸ್ಥಗಾರರ ಮಂಡಳಿ ಅಮೆರಿಕನ್, ಪೂರ್ವ, ಪಶ್ಚಿಮ ಮೂವರ ಪಟ್ಟಿಯನ್ನೂ ಒಂದು ಮಾಡಿತು. 2005ರಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷ.

ಇನ್ನು ನಮ್ಮ ದೇಶಕ್ಕೆ ಬರೋಣ. 2007ರಲ್ಲಿ ಕೇಂದ್ರ ಸರಕಾರ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸನ್ನು ಒಂದು ಮಾಡಿತು. ಎರಡೂ 1953ರ ರಾಷ್ಟ್ರೀಕರಣದ ಮಕ್ಕಳು. ಒಂದು ದೂರದ ದೇಶಗಳಿಗೆ ಹಾರುತ್ತಿತ್ತು, ಇನ್ನೊಂದು ದೇಶದೊಳಗೆ ಮತ್ತು ಗಲ್ಫ್ ಸಹಿತ ಹತ್ತಿರದ ದೇಶಗಳಿಗೆ. ಇಬ್ಬರ ಸಂಬಳ ಬೇರೆ, ಭತ್ಯೆ ಬೇರೆ, ಬಡ್ತಿಯ ವೇಗ ಬೇರೆ. ಯೂನಿಯನ್‌ಗಳೂ ಬೇರೆ. ಏರ್ ಇಂಡಿಯಾದವರದ್ದು ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್‌ನವರದ್ದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಹೊಸ ವಿಮಾನಗಳಿಗೆ ಭಾರೀ ಸಾಲ, ಹೊಸ ಹೆಸರು, ಹೊಸ ಲಾಂಛನ - ಎಲ್ಲವೂ ಬಂತು. ಬಾರದೆ ಉಳಿದದ್ದು ಒಂದೇ: ಇಬ್ಬರು ನೌಕರರು ಪಕ್ಕಪಕ್ಕದಲ್ಲಿ ನಿಂತಾಗ ಯಾರು ಹಿರಿಯ ಎಂಬುದಕ್ಕೆ ಉತ್ತರ. ಅದನ್ನು ಹುಡುಕಲು ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯನ್ನು ನೇಮಿಸಿದ್ದು 2011ರಲ್ಲಿ, ಅಂದರೆ ಮದುವೆಯಾಗಿ ನಾಲ್ಕು ವರ್ಷಗಳ ಬಳಿಕ. ವರದಿ ಬಂದದ್ದು 2012ರ ಜನವರಿಯ ಕೊನೆಯಲ್ಲಿ. ಈ ವಿಲೀನ ಸಕಾಲಿಕವಾಗಿರಲಿಲ್ಲ ಎಂದು ಮಹಾಲೇಖಪಾಲರು 2011ರಲ್ಲೇ ಹೇಳಿದ್ದರು.

ಹಾಗಾಗಿ ಎರಡು ಮುಷ್ಕರಗಳು ನಡೆದವು. 2011ರ ಏಪ್ರಿಲ್ ಕೊನೆಯಲ್ಲಿ ಹಿಂದಿನ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಮಾನ ವೇತನ ಕೊಡಿ ಎಂದು ಹತ್ತು ದಿನ ಕೆಲಸ ನಿಲ್ಲಿಸಿದರು. 2012ರ ಮೇ 8ರಿಂದ ಜುಲೈ 3ರ ತನಕ ಹಿಂದಿನ ಏರ್ ಇಂಡಿಯಾದ ಪೈಲಟ್‌ಗಳು ಮುಷ್ಕರ ಹೂಡಿದರು. ಹೊಸದಾಗಿ ಬರಲಿದ್ದ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್‌ನವರಿಗೂ ಕೊಡಬಾರದು ಎಂಬುದು ಅವರ ವಾದ. ತಮ್ಮಲ್ಲಿ ಕ್ಯಾಪ್ಟನ್ ಆಗಲು ವರ್ಷಗಟ್ಟಲೆ ಕಾಯಬೇಕು, ಅವರು ಬೇಗನೆ ಆಗುತ್ತಾರೆ, ಈಗ ನಮ್ಮ ಸೀಟಿಗೂ ಬಂದರೆ ನಾವು ಎಲ್ಲಿಗೆ ಹೋಗುವುದು ಎಂದು ಅವರು ಕೇಳಿದರು. ಮೊದಲನೆಯ ಬೇಡಿಕೆಯಲ್ಲಿ ನ್ಯಾಯ ಸ್ಪಷ್ಟವಾಗಿತ್ತು. ಎರಡನೆಯದು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಒಂದೇ ಕಂಪೆನಿಯ ಸಹೋದ್ಯೋಗಿಗೆ ಕಲಿಸಬೇಡಿ ಎನ್ನುವುದು ದುಡಿಯುವವನ ಬಾಯಲ್ಲಿ ಶೋಭಿಸುವ ಮಾತಲ್ಲ. ಆದರೆ ಆ ಮಾತನ್ನು ಅವರ ಬಾಯಿಗೆ ತುರುಕಿದ್ದು ಐದು ವರ್ಷ ಪಟ್ಟಿಯನ್ನೇ ಮಾಡದೆ ಕುಳಿತ ಸರಕಾರ ಎಂಬುದನ್ನು ಮರೆಯಬಾರದು.

ಎರಡಕ್ಕೂ ಆಡಳಿತ ಕೊಟ್ಟ ಉತ್ತರ ಮಾತ್ರ ಒಂದೇ. 2011ರಲ್ಲಿ ಒಂದು ಯೂನಿಯನ್ನಿನ ಮಾನ್ಯತೆ ರದ್ದು, ಕಚೇರಿಗೆ ಬೀಗಮುದ್ರೆ, ಪದಾಧಿಕಾರಿಗಳ ವಜಾ. 2012ರಲ್ಲಿ ಇನ್ನೊಂದರ ಮಾನ್ಯತೆ ರದ್ದು, ನೂರಕ್ಕೂ ಹೆಚ್ಚು ಪೈಲಟ್‌ಗಳ ವಜಾ. ಎರಡು ಸಲವೂ ವಿಷಯ ದಿಲ್ಲಿ ಹೈಕೋರ್ಟಿಗೆ ಹೋಯಿತು. ಕೊನೆಗೆ ಮುಷ್ಕರ ನಿಂತದ್ದೂ ಅಲ್ಲಿನ ಮಾತಿನಿಂದ. ಅದಕ್ಕೂ ಮುಂಚೆ, 2010ರ ಮೇ 22ರಂದು ಬಜ್ಪೆಯ ಗುಡ್ಡದಿಂದ ವಿಮಾನ ಉರುಳಿ 158 ಮಂದಿ ಪ್ರಾಣ ಕಳಕೊಂಡರಲ್ಲ, ಅದರ ಮೂರನೇ ದಿನ ಏರ್ ಇಂಡಿಯಾದ ಎಂಜಿನಿಯರ್‌ಗಳೂ ನೆಲದ ಸಿಬ್ಬಂದಿಯೂ ಕೆಲಸ ನಿಲ್ಲಿಸಿದ್ದರು. ಅವರ ಆಕ್ಷೇಪಗಳಲ್ಲಿ ಮುಖ್ಯವಾದುದು, ಮಾಧ್ಯಮದೊಂದಿಗೆ ಮಾತಾಡಬಾರದೆಂಬ ಆಡಳಿತದ ಆದೇಶ. ಆಗಲೂ ಅವರ ಎರಡು ಸಂಘಟನೆಗಳು ಮಾನ್ಯತೆ ಕಳಕೊಂಡವು. ನಮ್ಮ ಊರಿನ ಮನೆಮನೆಗಳಲ್ಲಿ ಮಯ್ಯಿತ್ ಬರುವುದನ್ನು ಕಾಯುತ್ತಿದ್ದ ಆ ದಿನಗಳಲ್ಲಿ ಈ ಸುದ್ದಿಯನ್ನು ಗಮನಿಸುವ ಮನಸ್ಥಿತಿ ಯಾರಲ್ಲಿತ್ತು?

ಅಮೆರಿಕದಲ್ಲಿ ಮತವಿತ್ತು, ಆ ಮತ ಕಡಿಮೆ ಸಂಖ್ಯೆಯವರ ಮೇಲೆ ಸವಾರಿ ಮಾಡಿತು. ನಮ್ಮಲ್ಲಿ ಮತವೇ ಇರಲಿಲ್ಲ. ಯಾವ ಯೂನಿಯನ್ ತಮ್ಮದೆಂದು ಪೈಲಟ್‌ಗಳನ್ನು ಯಾರೂ ಕೇಳಲಿಲ್ಲ. ಒಂದು ಪತ್ರದಲ್ಲಿ ಮಾನ್ಯತೆ, ಇನ್ನೊಂದು ಪತ್ರದಲ್ಲಿ ರದ್ದತಿ.

ಖಾಸಗಿಯವರ ವಿಲೀನಗಳು ಇದಕ್ಕಿಂತ ಉತ್ತಮವಾಗಿದ್ದವೇ? ಬೆಂಗಳೂರಿನಲ್ಲೇ ಹುಟ್ಟಿದ ಉದಾಹರಣೆ ಇದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಬಸ್ಸಿನಲ್ಲಿ ಹೋಗುವವರನ್ನೂ ವಿಮಾನ ಹತ್ತಿಸುತ್ತೇನೆಂದು ಹೊರಟ ಕಂಪೆನಿ. 2005ರಲ್ಲಿ ಹಾರಾಟ ಆರಂಭಿಸಿದ ಮಲ್ಯರ ಕಿಂಗ್‌ಫಿಷರ್ ಅದನ್ನು 2008ರ ಹೊತ್ತಿಗೆ ತನ್ನೊಳಗೆ ಸೇರಿಸಿಕೊಂಡಿತು. ದೇಶದೊಳಗೆ ಐದು ವರ್ಷ ಹಾರಿದ ಕಂಪೆನಿಗೆ ಮಾತ್ರ ವಿದೇಶಕ್ಕೆ ಹಾರಲು ಅನುಮತಿ ಎಂಬ ನಿಯಮ ಆಗ ಇತ್ತು. ಡೆಕ್ಕನ್‌ಗೆ ಐದು ವರ್ಷ ತುಂಬಿದ್ದು 2008ರ ಆಗಸ್ಟ್‌ನಲ್ಲಿ. ಸೆಪ್ಟಂಬರ್‌ನಲ್ಲಿ ಕಿಂಗ್‌ಫಿಷರ್‌ನ ವಿಮಾನ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು! ಡೆಕ್ಕನ್‌ನ ವಯಸ್ಸು ಕಿಂಗ್‌ಫಿಷರ್‌ಗೆ ಬೇಕಿತ್ತು. ಕಂಪೆನಿಯ ಹಿರಿತನಕ್ಕೆ ಇಷ್ಟೊಂದು ಬೆಲೆಯಿರುವಾಗ ಅದರಲ್ಲಿ ದುಡಿದವನ ಹಿರಿತನಕ್ಕೆ ಬೆಲೆಯಿಲ್ಲವೆಂದರೆ ಹೇಗೆ? 2012ರ ಅಕ್ಟೋಬರ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರನ್ನು ಬಿಟ್ಟು ಆ ಕಂಪೆನಿ ನೆಲಕ್ಕಿಳಿಯಿತು. ಅಲ್ಲಿ ಪಟ್ಟಿಯ ಮೇಲಿದ್ದವರೂ ಕೆಳಗಿದ್ದವರೂ ಕೊನೆಗೆ ಸಮಾನರಾದರು.

ತೀರಾ ಇತ್ತೀಚಿನದು ಟಾಟಾ ಸಮೂಹದ್ದು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಸೇರಿತು. 2024ರ ನವೆಂಬರ್ 12ರಂದು ವಿಸ್ತಾರಾ ಅದರಲ್ಲಿ ವಿಲೀನವಾಯಿತು. ವಿಲೀನಕ್ಕೆ ಮುಂಚೆಯೇ, 2024ರ ಏಪ್ರಿಲ್‌ನಲ್ಲಿ, ವಿಸ್ತಾರಾದ ವಿಮಾನಗಳು ಸಾಲು ಸಾಲಾಗಿ ರದ್ದಾದುದು ನೆನಪಿರಬಹುದು. ತಿಂಗಳಿಗೆ 70 ಗಂಟೆಗಳ ಹಾರಾಟಕ್ಕೆ ಖಾತ್ರಿಯಾಗಿ ಸಿಗುತ್ತಿದ್ದ ವೇತನವನ್ನು 40 ಗಂಟೆಗೆ ಇಳಿಸುವ ಹೊಸ ಕರಾರಿಗೆ ಸಹಿ ಹಾಕಲು ಪೈಲಟ್‌ಗಳಿಗೆ ಹೇಳಲಾಗಿತ್ತು. ಎರಡೂ ಕಂಪೆನಿಗಳ ವೇತನ ಕ್ರಮವನ್ನು ಒಂದೇ ಮಾಡಲು ಎಂಬುದು ಕಾರಣ. ಹಲವರು ಸಹಿ ಹಾಕಿದರು. ಹಲವರಿಗೆ ಏಕಕಾಲದಲ್ಲಿ ಜ್ವರ ಬಂತು. ನಿವೃತ್ತಿಯ ವಯಸ್ಸೂ ಒಂದಾಗಿರಲಿಲ್ಲ. ಏರ್ ಇಂಡಿಯಾದಲ್ಲಿ 58, ವಿಸ್ತಾರಾದಲ್ಲಿ 60. 2025ರಲ್ಲಿ ಏರ್ ಇಂಡಿಯಾ ಪೈಲಟ್‌ಗಳ ನಿವೃತ್ತಿ ವಯಸ್ಸನ್ನು 65ಕ್ಕೆ ಏರಿಸುವ ತನಕ ಒಂದೇ ಕಾಕ್‌ಪಿಟ್‌ನಲ್ಲಿ ಈ ಲೆಕ್ಕಾಚಾರ ಗುಸುಗುಟ್ಟುತ್ತಲೇ ಇತ್ತು.

ಜ್ವರದ ನೆಪದ ರಜೆಯನ್ನು ನಾನು ಸಮರ್ಥಿಸುವುದಿಲ್ಲ. ಅಮೆರಿಕದಲ್ಲಿ ಸುರಕ್ಷತೆಯ ಹೆಸರಿನಲ್ಲಿ ನಡೆದ ತಡಕ್ಕೂ ಇದಕ್ಕೂ ಅಂತರ ಕಡಿಮೆ. ರಜೆ ಮುಗಿದು ದುಬೈಗೋ ದಮಾಮಿಗೋ ಹೊರಟು ನಿಂತವನಿಗೆ, ಒಂದು ದಿನ ತಡವಾದರೆ ಕೆಲಸವೇ ಹೋದೀತೆಂಬ ಭಯದಲ್ಲಿರುವವನಿಗೆ, ವಿಮಾನ ರದ್ದಾದಾಗ ಆಗುವ ಕಷ್ಟವನ್ನು ನಾವು ಮನೆಗಳಲ್ಲೇ ಕಂಡಿದ್ದೇವೆ. ಆದರೆ ನೇರವಾಗಿ ಮಾತಾಡುವ ಬಾಗಿಲನ್ನು ಮುಚ್ಚಿದರೆ ಜನ ಹಿಂಬಾಗಿಲನ್ನೇ ಹುಡುಕುತ್ತಾರೆ.

ಹಾಗಾದರೆ ಮುಂದೆ? ಕಾರ್ಮಿಕರಿಗೆ ಸಂಬಂಧಿಸಿದ ಹೊಸ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯು ಮೊದಲ ಬಾರಿಗೆ ದೇಶವ್ಯಾಪಿಯಾಗಿ ಯೂನಿಯನ್ ಮಾನ್ಯತೆಗೆ ಒಂದು ಅಳತೆಯನ್ನಿಟ್ಟಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್‌ಗಳಿದ್ದಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಯೂನಿಯನ್ನೇ ಏಕೈಕ ಸಂಧಾನಕಾರ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ ಶೇ. 20 ಇರುವ ಯೂನಿಯನ್‌ಗಳ ಪ್ರತಿನಿಧಿಗಳು ಸೇರಿ ಒಂದು ಸಂಧಾನ ಮಂಡಳಿ. ಪೈಲಟ್‌ಗಳು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂಬ ವಾದ ಬೇರೆಯೇ ಇದೆ, ಬಿಡಿ. ಪತ್ರದ ಮೂಲಕ ಬರುವ ಹೋಗುವ ಮಾನ್ಯತೆಗಿಂತ ಇದು ವಾಸಿ ಎಂಬುದನ್ನು ಒಪ್ಪೋಣ.

ಆದರೆ ಒಂದು ಕಂಪೆನಿ ಇನ್ನೊಂದನ್ನು ನುಂಗಿದ ಮರುದಿನ ಈ 51 ಯಾರ ಕೈಯಲ್ಲಿರುತ್ತದೆ? ನುಂಗಿದ ದೊಡ್ಡ ಕಂಪೆನಿಯವರ ಕೈಯಲ್ಲಿ. ಉಳಿದ 49ರ ಕ್ರಮಾಂಕವನ್ನು ಬರೆಯುವ ಪೆನ್ನೂ ಅವರದ್ದೇ. 2008ರಲ್ಲಿ ಯುಎಸ್ ಏರ್‌ವೇಸ್‌ನಲ್ಲಿ ನಡೆದದ್ದು ಇದುವೇ. ಅಲ್ಲಿ ಪಶ್ಚಿಮದವರಿಗೆ ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕೆಂಬ ಕರ್ತವ್ಯದ ಹೆಸರಿನಲ್ಲಿ ಕೋರ್ಟಿಗೆ ಹೋಗಲು ದಾರಿಯಿತ್ತು. 2007ರ ಕಾನೂನು ಮುಂದಿನವರಿಗೆ ಮಧ್ಯಸ್ಥಗಾರನ ದಾರಿಯನ್ನೂ ತೆರೆಯಿತು. ನಮ್ಮಲ್ಲಿ ಕಂಪೆನಿಗಳ ವಿಲೀನಕ್ಕೆ ಅನುಮತಿ ಕೊಡುವ ಸ್ಪರ್ಧಾ ಆಯೋಗ ನೋಡುವುದು ಮಾರುಕಟ್ಟೆಯನ್ನು. ಕಂಪೆನಿ ಕಾನೂನು ನ್ಯಾಯಮಂಡಳಿಯ ಮುಂದಿಡುವ ಯೋಜನೆಗಳಲ್ಲಿ ನೌಕರರ ಸೇವೆ ಅಡೆತಡೆಯಿಲ್ಲದೆ ಮುಂದುವರಿಯುತ್ತದೆ ಎಂಬ ಒಂದು ವಾಕ್ಯ ಸಾಮಾನ್ಯವಾಗಿ ಇರುತ್ತದೆ. ಎಲ್ಲಿಂದ ಮುಂದುವರಿಯುತ್ತದೆ, ಯಾರ ಹಿಂದೆ, ಯಾರ ಮುಂದೆ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ.

ಆ ಕಾರಣಕ್ಕೆ ಕೇಳಬೇಕಾದದ್ದು ಇಷ್ಟು. ವಿಲೀನದ ಅರ್ಜಿಯೊಂದಿಗೇ ಎರಡೂ ಕಡೆಯ ನೌಕರರ ಪಟ್ಟಿಗಳನ್ನು ಬೆಸೆಯುವ ಕ್ರಮವನ್ನೂ ಇಡಬೇಕು. ಒಪ್ಪಂದವಾಗದಿದ್ದರೆ ಎರಡೂ ಕಡೆಯವರು ಒಪ್ಪುವ ಮಧ್ಯಸ್ಥಗಾರ ತೀರ್ಪು ಕೊಟ್ಟ ನಂತರವೇ ಅನುಮತಿ ಸಿಗಬೇಕು. ಆ ತೀರ್ಪನ್ನು ಮರುವರ್ಷದ ಯೂನಿಯನ್ ಚುನಾವಣೆ ಅಳಿಸುವಂತಿರಬಾರದು. ಹೀಗೆ ಮಾಡಿದರೆ ವಿಲೀನ ಕೆಲವು ತಿಂಗಳು ತಡವಾಗಬಹುದು. ಏರ್ ಇಂಡಿಯಾದಲ್ಲಿ ಅವಸರದ ಮದುವೆಯ ನಂತರ ಐದು ವರ್ಷ ಹೋಯಿತು, ಯುಎಸ್ ಏರ್‌ವೇಸ್‌ನಲ್ಲಿ ಹನ್ನೊಂದು.